ಅಜ್ಜನ ಕೋವಿಗೆ ಉಪ್ಪುಕಾಗದ ಹಾಕಬೇಡಿ

ಹಳೇ ಮಿಲಿಟರಿ ಬಂದೂಕು ಇರುವ ಮನೆಯಲ್ಲಿ ಅದಕ್ಕೊಂದು ಕತೆಯೂ ಇರುತ್ತದೆ. ‘ಟಿಪ್ಪು ಕಾಲದ್ದು’ ಅನ್ನುವುದು ಬಹಳ ಜನಪ್ರಿಯ ಕತೆ. ಎತ್ತಿ ನೋಡಿದರೆ ಅಗುಳಿಯಂಥ ಬೋಲ್ಟ್ ಎಳೆದು ತೋಟಾ ತುಂಬುವ ಲೀ-ಎನ್‌ಫೀಲ್ಡ್ ರೈಫಲ್! ಟಿಪ್ಪು ತೀರಿಕೊಂಡದ್ದು 1799ರಲ್ಲಿ, ಲೀ-ಎನ್‌ಫೀಲ್ಡ್ ಬ್ರಿಟಿಷ್ ಸೇನೆಗೆ ಬಂದದ್ದು 1895ರಲ್ಲಿ. ಟಿಪ್ಪುವಿನ ಸೈನಿಕರ ಕೋವಿ ಸಿಡಿಯುತ್ತಿದ್ದದ್ದು ಚಕಮಕಿ ಕಲ್ಲಿನ ಕಿಡಿಯಿಂದ. ಅವನ ಒಳ್ಳೆಯ ಕೋವಿಗಳ ಮೇಲೆ ಹುಲಿಪಟ್ಟೆಯ ಗುರುತು ಇರುತ್ತದೆ. ಅವನೇ ಜಾರಿಗೆ ತಂದ ಮೌಲೂದಿ ಪಂಚಾಂಗದ ವರ್ಷದ ಅಂಕಿಗಳನ್ನಂತೂ ಬಲದಿಂದ ಎಡಕ್ಕೆ ಓದಬೇಕು. ಇದನ್ನು ಶುರು ಮಾಡಿದರೆ ಮುಗಿಯುವುದಿಲ್ಲ, ಬಿಡಿ.

ಕತೆ ಏನೇ ಹೇಳಲಿ, ಉಕ್ಕಿನ ಮೇಲೆ ಒತ್ತಿದ ಮುದ್ರೆ ನೋಡಿ. ತೋಟಾ ಇಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಬೋಲ್ಟ್ ಹಿಡಿಯ ಹಿಂದೆ, ಮರ ಶುರುವಾಗುವಲ್ಲಿ ಬಲಗಡೆ ಒಂದು ಕಿರೀಟ, ಅದರ ಕೆಳಗೆ ಅಕ್ಷರಗಳು. ವಿ.ಆರ್. ಅಂದರೆ ವಿಕ್ಟೋರಿಯಾ, ಇ.ಆರ್. ಅಂದರೆ ಏಳನೇ ಎಡ್ವರ್ಡ್, ಜಿ.ಆರ್. ಅಂದರೆ ಜಾರ್ಜ್. ಕೊನೆಗೊಂದು ‘ಐ’ ಸೇರಿ ಜಿ.ಆರ್.ಐ. ಆಗಿದ್ದರೆ ಅದು ಬಂಗಾಳದ ಈಶಾಪುರ ಕಾರ್ಖಾನೆಯದು. ‘ಐ’ ಅಂದರೆ ಇಂಪರೇಟರ್, ಚಕ್ರವರ್ತಿ. ಇಲ್ಲಿ ಜಾರ್ಜ್ ಚಕ್ರವರ್ತಿಯೂ ಆಗಿದ್ದನಲ್ಲ! ಗಣರಾಜ್ಯ ಬಂದ ಮೇಲೆ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ಮುದ್ರೆಯಲ್ಲಿರುವ ವರ್ಷ ತಯಾರಾದದ್ದು. ಯಾವ ಯುದ್ಧಕ್ಕೆ ಹೋಗಿತ್ತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ತುದಿಗೆ ತುದಿ ತಾಗಿದ ಎರಡು ಬಾಣ ಕಂಡರೆ ಸೇನೆ ಅದನ್ನು ಮಾರಿಬಿಟ್ಟಿದೆ ಎಂದರ್ಥ.

ಇನ್ನೊಂದು ಭ್ರಮೆ ‘ತ್ರೀ ನಾಟ್ ತ್ರೀ’, ಅಂದರೆ 0.303 ಅಂಗುಲ ಅಳತೆಯ ಸೇನೆಯ ರೈಫಲ್. ಮನೆಗಳಲ್ಲಿ ಹಾಗೆ ಕರೆಸಿಕೊಳ್ಳುವ ಎಷ್ಟೋ ರೈಫಲ್‌ಗಳು ನಿಜಕ್ಕೂ 0.315 ಅಂಗುಲದವು. ಸೇನೆಯ ತೋಟಾ ನಾಗರಿಕರ ಬಂದೂಕಿಗೆ ಹೊಂದಬಾರದು ಎಂದು ಬ್ರಿಟಿಷರು ಹಟ ಹಿಡಿದಿದ್ದರು. ಹಾಗಾಗಿ ಅದೇ ಲೀ-ಎನ್‌ಫೀಲ್ಡ್ ದೇಹಕ್ಕೆ ಬೇರೆ ಅಳತೆಯ ನಳಿಗೆ ಕೂರಿಸಿದರು. ಅದರ ತೋಟಾದ ಮೂಲ ಆಸ್ಟ್ರಿಯಾದ ಮಾನ್ಲಿಕರ್ ರೈಫಲ್‌ನ ತೋಟಾ. ನೋಡುವುದಕ್ಕೆ ಮಿಲಿಟರಿ, ಜಾತಕ ಬೇಟೆ ಬಂದೂಕಿನದು.

ಮುದ್ರೆ ಸವೆದು ಹೋಗಿದ್ದರೆ? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಉಕ್ಕು ಸಣ್ಣ ಸಣ್ಣ ಹರಳುಗಳ ರಾಶಿ. ಪ್ರತಿ ಹರಳಿನೊಳಗೂ ಪರಮಾಣುಗಳು ಸಾಲಾಗಿ ಕೂತಿರುತ್ತವೆ. ಅಂಕಿಯ ಅಚ್ಚು ಬಲವಾಗಿ ಬಿದ್ದಾಗ ಮೇಲೆ ಕಾಣುವ ಗುಳಿ ಮಾತ್ರ ಆಗುವುದಿಲ್ಲ, ಅದರ ಕೆಳಗೂ ಸಾಲುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಕೆಳಗಿನ ಹಾಳೆಗೂ ಅಚ್ಚು ಮೂಡುತ್ತದಲ್ಲ, ಹಾಗೆ. ಮೇಲಿನ ಹಾಳೆ ಹರಿದರೂ ಕೆಳಗಿನದು ಉಳಿದಿರುತ್ತದೆ. ಹೀಗೆ ಕದಡಿದ ಲೋಹದಲ್ಲಿ ಹೆಚ್ಚಿಗೆ ಶಕ್ತಿ ಸಿಕ್ಕಿಕೊಂಡಿರುತ್ತದೆ, ಅದಕ್ಕೇ ಆಮ್ಲದ ಜೊತೆ ಬೇಗ ಪ್ರತಿಕ್ರಿಯಿಸುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಆ ಜಾಗವನ್ನು ನುಣುಪು ಮಾಡಿ, ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣ ಸವರುತ್ತಾರೆ. ಕದಡಿದ ಜಾಗದ ಬಣ್ಣ ಸುತ್ತಲಿನದಕ್ಕಿಂತ ಬೇರೆಯಾಗುತ್ತದೆ. ಉಜ್ಜಿ ಅಳಿಸಿದ ಅಂಕಿ ಮತ್ತೆ ಮೇಲೇಳುತ್ತದೆ! ಕಳ್ಳರ ಬಂದೂಕಿನ ನಂಬರು ಓದುವುದೂ ಹೀಗೆಯೇ. ಮನೆಯಲ್ಲಿ ಮಾತ್ರ ಪ್ರಯತ್ನಿಸಬೇಡಿ. ಆಮ್ಲ ಕೈಯನ್ನೂ ಸುಡುತ್ತದೆ, ಕೋವಿಯನ್ನೂ ತಿನ್ನುತ್ತದೆ. ಮೇಲಾಗಿ, ಪರವಾನಗಿಯಾಗಲಿ ಪರವಾನಗಿಯಿಂದ ವಿನಾಯಿತಿಯಾಗಲಿ ಇರುವ ಬಂದೂಕಿನ ನಂಬರಿಗೆ ಕೈ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧ.

ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ, ಬೇರೆಡೆ ಆಯುಧಪೂಜೆಗೆ ಕೋವಿಗಳನ್ನು ತೊಳೆದು ಹೂ ಮುಡಿಸುತ್ತಾರೆ. ಪೂಜೆಗೆ ನನ್ನ ತಕರಾರಿಲ್ಲ. ಹಿಂದಿನ ದಿನ ಹುರುಪಿನಲ್ಲಿ ಉಪ್ಪುಕಾಗದ ಹಿಡಿದು ಉಜ್ಜುತ್ತಾರಲ್ಲ, ಅದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಒಣಬಟ್ಟೆ, ತೆಳುವಾಗಿ ಒಂದಿಷ್ಟು ಗನ್ ಎಣ್ಣೆ ಸಾಕು. ಉಪ್ಪುಕಾಗದ ವರ್ಷ ವರ್ಷ ಒಂದೊಂದು ಪದರ ತಿನ್ನುತ್ತದೆ. ಸಾಣೆ ಹಿಡಿಯುವ ಎಮರಿ ಚಕ್ರವಂತೂ ಕದಡಿದ ಪದರವನ್ನೂ ಒಂದೇ ಸಲಕ್ಕೆ ತೆಗೆದುಬಿಡುತ್ತದೆ. ಆಮೇಲೆ ಯಾವ ಪ್ರಯೋಗಾಲಯಕ್ಕೆ ಒಯ್ದರೂ ಓದಲು ಏನೂ ಉಳಿದಿರುವುದಿಲ್ಲ.