ಇನ್ಸುಲಿನ್‌ಗೆ ಕಾಯದೆ ತೆರೆಯುವ ಬಾಗಿಲು

ಸಕ್ಕರೆ ಕಾಯಿಲೆ ಬರಬಾರದು ಅಂದ್ರೆ ಬೆಳಗಿನ ಜಾವವೇ ಎದ್ದು ನಡೆಯಬೇಕು, ಅದೂ ದಿನಕ್ಕೆ 10,000 ಹೆಜ್ಜೆ. ಈ ನಂಬಿಕೆ ಎಷ್ಟು ಗಟ್ಟಿಯಾಗಿದೆ ಅಂದ್ರೆ, ಅಷ್ಟು ಆಗದವರು ನಡಿಗೆಯನ್ನೇ ಕೈಬಿಡುತ್ತಾರೆ. ನನಗೆ ಸಂಕಟ ಆಗುವುದು ಇದಕ್ಕೇ. ಆ 10,000 ಸಂಶೋಧನೆಯಿಂದ ಹುಟ್ಟಿದ ಗಡಿಯಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮೇಲೆ ಜಪಾನಿನಲ್ಲಿ ವ್ಯಾಯಾಮದ ಹುಮ್ಮಸ್ಸು ಎದ್ದಿತ್ತು. 1965ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದು ಈ ಸಂಖ್ಯೆಯನ್ನು ಜನರ ತಲೆಗೆ ಹತ್ತಿಸಿತು.

ನಿಜವಾದ ಸೊಗಸು ಇರುವುದು ಸ್ನಾಯುವಿನ ಒಳಗೆ. ಊಟ ಆದ ಮೇಲೆ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಅದರಲ್ಲಿ ದೊಡ್ಡ ಪಾಲನ್ನು ಸ್ನಾಯುಗಳು ಹೀರಿಕೊಳ್ಳಬೇಕು. ಸ್ನಾಯುಕೋಶದ ಗೋಡೆಯಲ್ಲಿ ಗ್ಲೂಕೋಸಿಗೆ ಬಾಗಿಲಾಗುವ ಪ್ರೋಟೀನಿನ ಹೆಸರು ಗ್ಲುಟ್-4. ನಾವು ಸುಮ್ನೆ ಕೂತಿರುವಾಗ ಈ ಬಾಗಿಲುಗಳಲ್ಲಿ ಹೆಚ್ಚಿನವು ಗೋಡೆಯಲ್ಲಿ ಇರುವುದೇ ಇಲ್ಲ. ಕೋಶದ ಒಳಗೆ ಪುಟ್ಟ ಚೀಲಗಳಲ್ಲಿ ಅಡಗಿರುತ್ತವೆ. ಇನ್ಸುಲಿನ್ ಬಂದು ಹೊರಗಿನಿಂದ ತಟ್ಟಿದಾಗ ಆ ಚೀಲಗಳು ಗೋಡೆಗೆ ಬಂದು ಸೇರಿಕೊಳ್ಳುತ್ತವೆ, ಬಾಗಿಲು ತೆರೆಯುತ್ತದೆ. ಟೈಪ್ 2 ಮಧುಮೇಹದ ದಾರಿ ಹಿಡಿದ ದೇಹದಲ್ಲಿ ಆ ತಟ್ಟುವ ಸದ್ದು ಒಳಗೆ ಸರಿಯಾಗಿ ಕೇಳಿಸುವುದಿಲ್ಲ.

ಈಗ ಎದ್ದು ನಡೆಯಿರಿ. ತೊಡೆ, ಮೀನಖಂಡದ ಸ್ನಾಯುಗಳು ಸಂಕುಚಿಸುತ್ತವೆ. ಪ್ರತಿ ಸಂಕೋಚನಕ್ಕೂ ಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಶಕ್ತಿ ಖರ್ಚಾಗುತ್ತದೆ. ಇಷ್ಟೇ ಸಾಕು, ಅದೇ ಬಾಗಿಲುಗಳು ಒಳಗಿನಿಂದಲೇ ಗೋಡೆಗೆ ಬರುತ್ತವೆ. ಇನ್ಸುಲಿನ್ನಿನ ಅಪ್ಪಣೆಯೇ ಬೇಕಿಲ್ಲ! ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲೂ ಈ ಎರಡನೇ ದಾರಿ ಕೆಟ್ಟಿರುವುದಿಲ್ಲ. ಇದಕ್ಕಿಂತ ಖುಷಿಯ ಸುದ್ದಿ ಬೇಕಾ?

ಹಾಗಾದರೆ ಯಾವಾಗ ನಡೆಯಬೇಕು? ರಕ್ತದಲ್ಲಿ ಗ್ಲೂಕೋಸ್ ಏರುತ್ತಿರುವಾಗ, ಅಂದ್ರೆ ಊಟ ಮುಗಿದ ಅರ್ಧ-ಮುಕ್ಕಾಲು ಗಂಟೆಯೊಳಗೆ. ಹತ್ತು-ಹದಿನೈದು ನಿಮಿಷ ಸಾಕು. ಬೆಳಗ್ಗೆ ನಡೆದರೂ ಒಳ್ಳೆಯದೇ, ಆದರೆ ಅದೊಂದೇ ಹೊತ್ತು ಅಲ್ಲ. ದಿನವಿಡೀ ಕೂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿದರೂ ಊಟದ ನಂತರದ ಏರಿಕೆ ತಗ್ಗುತ್ತದೆ. ಫೋನ್ ಬಂದಾಗ ಎದ್ದು ನಡೆಯುತ್ತಾ ಮಾತಾಡಿ. ಇಳಿಯುವ ಸ್ಟಾಪಿಗಿಂತ ಒಂದು ಸ್ಟಾಪ್ ಮೊದಲೇ ಇಳಿಯಿರಿ.

ಇದರ ಫಲ ದೊಡ್ಡ ಪ್ರಯೋಗದಲ್ಲೂ ಕಂಡಿದೆ. ಮಧುಮೇಹದ ಅಂಚಿನಲ್ಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ಊಟದಲ್ಲಿ ಹಿಡಿತ, ಶೇ. 7ರಷ್ಟು ತೂಕ ಇಳಿಸುವ ಗುರಿ. ಏನೂ ಔಷಧವಿಲ್ಲದ ಗುಳಿಗೆ ಪಡೆದವರಿಗೆ ಹೋಲಿಸಿದರೆ ಅವರಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಇಳಿದದ್ದು ಶೇ. 31. ಚುರುಕು ನಡಿಗೆ ಅಂದ್ರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ ಅಳತೆ.

ನಡಿಗೆ ನಿಂತ ಮೇಲೂ ಸ್ನಾಯು ಇನ್ಸುಲಿನ್ನಿನ ಮಾತನ್ನು ಜಾಸ್ತಿ ಕೇಳುತ್ತದೆ, ಒಂದೆರಡು ದಿನದ ತನಕ. ಆಮೇಲೆ ಆ ಗುಣ ಕರಗುತ್ತದೆ. ಭಾನುವಾರ ಒಂದೇ ದಿನ ಎರಡು ಗಂಟೆ ನಡೆದು ವಾರವಿಡೀ ಕೂರುವುದಕ್ಕಿಂತ, ಸತತ ಎರಡು ದಿನ ತಪ್ಪದ ಹಾಗೆ ನೋಡಿಕೊಳ್ಳುವುದು ಮೇಲು. ಈಗಾಗಲೇ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲು ವೈದ್ಯರನ್ನು ಕೇಳಿ. ಅವರಲ್ಲಿ ನಡಿಗೆಯಿಂದ ಸಕ್ಕರೆ ತೀರಾ ಕೆಳಗಿಳಿಯಬಹುದು.