ಇಲ್ಲದ ಇಂಬಳದ ತುರಿಕೆ

ಮಳೆಗಾಲದಲ್ಲಿ ಕಾಪಿತೋಟದೊಳಗೆ ಓಡಾಡಿ ಬಂದವರಿಗೆ ಇದು ಗೊತ್ತಿರುತ್ತದೆ. ಮನೆ ಮೆಟ್ಟಿಲ ಮೇಲೆ ಕೂತು ಬೂಟು ಕಳಚಿದರೆ ಬೆರಳ ಸಂದಿಯಲ್ಲಿ ಒಂದು ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ಚೂರು ಉಪ್ಪು ಹಾಕಿದರೆ ಉದುರಿಹೋಗುತ್ತದೆ. ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ. ಊಟಕ್ಕೆ ಕೂತರೆ ಮಂಡಿಯ ಹಿಂದೆ ಏನೋ ಹರಿದ ಹಾಗೆ. ನೋಡಿದರೆ ಇಲ್ಲ. ಮಲಗಿದರೆ ಸೊಂಟದ ಹತ್ತಿರ ಏನೋ. ದೀಪ ಹಾಕಿ ನೋಡಿದರೆ ಅಲ್ಲೂ ಇಲ್ಲ. ಹುಡುಕಿದಷ್ಟೂ ತುರಿಕೆ ಜಾಸ್ತಿ. ತಮಾಷೆ ಏನೆಂದರೆ, ನಿಜವಾದ ಇಂಬಳ ಕಚ್ಚುವಾಗ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ.

ಚರ್ಮ ಇಡೀ ದಿನ ಸಣ್ಣಪುಟ್ಟ ಸುದ್ದಿ ಕಳಿಸುತ್ತಲೇ ಇರುತ್ತದೆ. ಮಿದುಳು ಅದರಲ್ಲಿ ಬಹುಪಾಲನ್ನು ಕಸಕ್ಕೆ ಹಾಕುತ್ತದೆ. ಒಮ್ಮೆ ಇಂಬಳ ಸಿಕ್ಕಿತು ಎಂದಾದ ಮೇಲೆ ಅದೇ ಕಸವನ್ನು ಕೆದಕಿ ನೋಡಲು ಶುರುಮಾಡುತ್ತದೆ, ಅಷ್ಟೇ.

ನನ್ನ ಚಿಕ್ಕಮ್ಮನಿಗೆ ಇಂಥ ತುರಿಕೆ ಶುರುವಾದದ್ದು ಚರ್ಮದ ಮೇಲಲ್ಲ. ಚಿಕ್ಕಪ್ಪ ಕೊಡಗಿನ ಸಿದ್ದಾಪುರದ ಕಡೆ ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು ಆಗಿದ್ದರು. ಚಿಕ್ಕಮ್ಮ ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ನಾಯಿಗೂ ಬೈದವರಲ್ಲ. ಒಂದು ಭಾನುವಾರ ಕರ್ತನ ಭೋಜನದ ಹೊತ್ತಿಗೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಹೊತ್ತಿಗೆ, ಎಲ್ಲರೂ ತಲೆ ಬಗ್ಗಿಸಿ ಮೌನವಾಗಿದ್ದಾಗ, ಪವಿತ್ರಾತ್ಮನ ಬಗ್ಗೆ ಒಂದು ಹೊಲಸು ಬೈಗುಳ ಅವರ ತಲೆಯೊಳಗೆ ಬಂದು ಹೋಯಿತು. ಒಂದೇ ಕ್ಷಣ. ಬಾಯಿಂದ ಏನೂ ಹೊರಬರಲಿಲ್ಲ. ಆದರೆ ಆ ಕ್ಷಣದಿಂದ ಅವರಿಗೆ ನಿದ್ದೆ ಹೋಯಿತು. ಕ್ಷಮೆಯೇ ಇಲ್ಲದ ಪಾಪ ಒಂದಿದೆ ಎಂದು ಅವರು ಮಕ್ಕಳಿಗೂ ಹೇಳಿಕೊಟ್ಟಿದ್ದರು. ಈಗ ಅದನ್ನು ತಾನೇ ಮಾಡಿಬಿಟ್ಟೆ ಅನ್ನಿಸಿತು.

ಆ ಮಾತು ಬರುವುದು ಬೈಬಲಿನ ಮತ್ತಾಯ, ಮಾರ್ಕ, ಲೂಕ ಈ ಮೂರೂ ಸುವಾರ್ತೆಗಳಲ್ಲಿ. ಮನುಷ್ಯರ ಎಲ್ಲಾ ಪಾಪಕ್ಕೂ ಕ್ಷಮೆಯುಂಟು, ಪವಿತ್ರಾತ್ಮನನ್ನು ದೂಷಿಸಿದವನಿಗೆ ಮಾತ್ರ ಇಲ್ಲ ಎಂದು ಯೇಸು ಹೇಳುತ್ತಾನೆ. ಯಾರಿಗೆ ಹೇಳಿದ್ದು, ಯಾವಾಗ ಹೇಳಿದ್ದು ಅನ್ನುವುದು ಮಾರ್ಕನ ಮೂರನೇ ಅಧ್ಯಾಯದಲ್ಲಿದೆ. ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು ಯೇಸು ದೆವ್ವ ಬಿಡಿಸುವುದನ್ನು ನೋಡಿ, ಇವನು ದೆವ್ವಗಳ ಒಡೆಯನ ಬಲದಿಂದಲೇ ಬಿಡಿಸುತ್ತಾನೆ ಎಂದು ಜನರೆದುರು ಸಾರಿದರು. ಅದಕ್ಕೆ ಬಂದ ಉತ್ತರ ಅದು. ಆ ಶಾಸ್ತ್ರಿಗಳಿಗೆ ತಾವು ಆಡಿದ್ದು ತಪ್ಪಾಯಿತೇನೋ ಎಂಬ ಅಳುಕು ಇದ್ದ ಲಕ್ಷಣ ಆ ಕಥೆಯಲ್ಲಿ ಎಲ್ಲೂ ಇಲ್ಲ. ಸಾಯುವ ತನಕ ಪಶ್ಚಾತ್ತಾಪವೇ ಪಡದೆ ಹಟ ಹಿಡಿಯುವುದೇ ಈ ಪಾಪ ಎಂದು ಸಂತ ಅಗಸ್ಟೀನ ವಿವರಿಸಿದ್ದಾನೆ. ಕ್ಯಾಥೊಲಿಕ್ ಸಭೆ ಇವತ್ತಿಗೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ.

ಚಿಕ್ಕಮ್ಮ ಕೇಳಿದಾಗ ಚರ್ಚಿನ ಅಯ್ಯನವರೂ ಇದನ್ನೇ ಹೇಳಿದರು. "ಹೆದರಿಕೆ ಇದೆ ಅಂದರೇನೇ ನೀವು ಆ ಪಾಪ ಮಾಡಿಲ್ಲ ಅಂತ ಅರ್ಥ, ಅಮ್ಮಾ." ಚಿಕ್ಕಮ್ಮ ಹಗುರಾಗಿ ಮನೆಗೆ ಬಂದರು. ಸೋಮವಾರ ಬೆಳಿಗ್ಗೆ ಕಾಪಿ ಸೋಸುವಾಗ ಇನ್ನೊಂದು ಪ್ರಶ್ನೆ ಹುಟ್ಟಿತು: ನನಗೆ ಇರುವುದು ನಿಜವಾದ ಹೆದರಿಕೆಯೋ, ಹೆದರಿಕೆ ಇದೆ ಎಂದು ನಟಿಸುತ್ತಿದ್ದೇನೋ? ಮುಂದಿನ ಭಾನುವಾರ ಮತ್ತೆ ಅಯ್ಯನವರ ಬಾಗಿಲಿಗೆ.

ಉತ್ತರ ಸರಿಯಾಗಿಯೇ ಇತ್ತು. ಆದರೆ ಕೆಲಸ ಮಾಡಲಿಲ್ಲ. ಯಾಕೆ ಎನ್ನುವುದಕ್ಕೆ ಮನೋವಿಜ್ಞಾನದಲ್ಲಿ ಒಳ್ಳೆಯ ವಿವರಣೆ ಇದೆ.

1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ವಿದ್ಯಾರ್ಥಿಗಳನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ, ಈಗ ಬೇಕಾದಷ್ಟು ಯೋಚಿಸಿ ಎಂದಾಗ ಇನ್ನೂ ಒಂದು ವಿಷಯ ಕಂಡಿತು. ಮೊದಲೇ ಅನುಮತಿ ಪಡೆದಿದ್ದ ಗುಂಪಿಗಿಂತ, ಮೊದಲು ಅದುಮಿಟ್ಟಿದ್ದವರ ತಲೆಗೆ ಕರಡಿ ಜಾಸ್ತಿ ಸಲ ಬಂತು. ವೆಗ್ನರ್ ಕೊಟ್ಟ ಕಾರಣ ಹೀಗೆ: ಒಂದು ಯೋಚನೆಯನ್ನು ದೂಡಲು ಮನಸ್ಸಿನ ಒಂದು ಭಾಗ ದುಡಿಯುತ್ತದೆ. ಅದು ಮತ್ತೆ ಬಂತಾ ಎಂದು ನೋಡಲು ಇನ್ನೊಂದು ಭಾಗ ಕಾವಲು ಕೂರುತ್ತದೆ. ಆ ಕಾವಲುಗಾರನಿಗೆ ಯಾರನ್ನು ತಡೆಯಬೇಕೋ ಅವರ ಮುಖ ಸದಾ ನೆನಪಿರಬೇಕಲ್ಲ! (ಈ ಪ್ರಯೋಗವನ್ನು ನಮ್ಮಲ್ಲಿ ಆನೆ ಇಟ್ಟುಕೊಂಡು ಮಾಡಲಾಗದು. ಸಿದ್ದಾಪುರದವರಿಗೆ ಆನೆಯ ಬಗ್ಗೆ ಯೋಚಿಸಬೇಡಿ ಎನ್ನುವುದು ಪ್ರಯೋಗವಲ್ಲ, ಅಪಾಯ.)

ಹೊಲಸು ಯೋಚನೆ ಬರುವುದೇ ತಪ್ಪಲ್ಲವೇ ಎಂದು ಕೇಳಬಹುದು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 13 ದೇಶಗಳ 777 ವಿದ್ಯಾರ್ಥಿಗಳನ್ನು ಮಾತಾಡಿಸಿದ್ದರು. ಕಳೆದ ಮೂರು ತಿಂಗಳಲ್ಲಿ ಬೇಡದ ಯೋಚನೆಯೊಂದು ತಾನಾಗಿ ತಲೆಗೆ ನುಗ್ಗಿದೆಯೇ ಎಂಬ ಪ್ರಶ್ನೆಗೆ ಸುಮಾರು 94 ಶೇಕಡಾ ಮಂದಿ ಹೌದು ಅಂದರು. ಎತ್ತರದ ಜಾಗದಿಂದ ಹಾರಿಬಿಟ್ಟರೆ? ಕೈಯಲ್ಲಿರುವ ಕತ್ತಿ ಮಗುವಿಗೆ ತಗುಲಿಬಿಟ್ಟರೆ? ಮಡಿಕೇರಿಯ ರಾಜಾಸೀಟಿನ ಕಟಕಟೆ ಹಿಡಿದು ಕೆಳಗೆ ನೋಡಿದವರಲ್ಲಿ ಎಷ್ಟೋ ಮಂದಿಗೆ ಇಂಥದ್ದೊಂದು ಹೊಳೆದಿರುತ್ತದೆ. ಥೂ, ಎಂಥ ಯೋಚನೆ ಎಂದು ಮುಂದೆ ಹೋಗುತ್ತಾರೆ. ಕೆಲವರಿಗೆ ಮುಂದೆ ಹೋಗಲು ಆಗುವುದಿಲ್ಲ. ವ್ಯತ್ಯಾಸ ಯೋಚನೆಯಲ್ಲಿಲ್ಲ, ಅದಕ್ಕೆ ಕೊಡುವ ಬೆಲೆಯಲ್ಲಿದೆ.

ಯೋಚಿಸಿದರೆ ಮಾಡಿದ ಹಾಗೆಯೇ ಎಂದು ನಂಬುವ ಈ ಸ್ವಭಾವವನ್ನು 1990ರ ದಶಕದಿಂದ ಸಂಶೋಧಕರು ಬಿಡಿಸಿ ನೋಡುತ್ತಿದ್ದಾರೆ. ಕ್ರೈಸ್ತರಲ್ಲಿ ಇದಕ್ಕೆ ಸ್ವಲ್ಪ ಹೆಚ್ಚು ಆಸರೆ ಸಿಗುತ್ತದೆ ಎನ್ನಬಹುದು. ಕೆಟ್ಟ ಆಸೆಯಿಂದ ನೋಡಿದವನು ಹೃದಯದಲ್ಲೇ ವ್ಯಭಿಚಾರ ಮಾಡಿದ ಹಾಗೆ ಎಂಬ ಮಾತು ಮತ್ತಾಯನಲ್ಲೇ ಇದೆಯಲ್ಲ. ಅಮೆರಿಕದಲ್ಲಿ ಪ್ರೊಟೆಸ್ಟಂಟರನ್ನೂ ಯಹೂದಿಗಳನ್ನೂ ಹೋಲಿಸಿದಾಗ, ಕೆಟ್ಟ ಯೋಚನೆಯೇ ತಪ್ಪು ಎಂದವರು ಪ್ರೊಟೆಸ್ಟಂಟರಲ್ಲಿ ಹೆಚ್ಚಿದ್ದರು. ಯಹೂದಿಗಳು ಹೆಚ್ಚಾಗಿ ಕೇಳುತ್ತಿದ್ದದ್ದು, ಆತ ಮಾಡಿದ್ದೇನು ಎಂದು.

ನಮ್ಮೂರಿನ ಮಟ್ಟಿಗೆ ಇನ್ನೊಂದು ಎಳೆಯೂ ಇದೆ. 1850ರ ದಶಕದಲ್ಲಿ ಕೊಡಗಿಗೆ ಬಂದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್‌ನವರು. ಅವರ ಹಿಂದೆ ಜರ್ಮನಿಯ ಪಯಟಿಸಂ ಎಂಬ ಭಕ್ತಿಮಾರ್ಗವಿತ್ತು. ನಿನ್ನ ಹೃದಯವನ್ನು ದಿನದಿನವೂ ಪರೀಕ್ಷಿಸಿಕೋ ಎನ್ನುವುದು ಅದರ ದೊಡ್ಡ ಪಾಠ. ಅದೇ ಮಿಷನ್‌ನವರು ಜಾನ್ ಬನ್ಯನ್‌ನ ಕಥೆಯನ್ನು 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೂ ತಂದರು. ಬೆನ್ನ ಮೇಲೆ ಪಾಪದ ಹೊರೆ ಹೊತ್ತು ನಡೆಯುವ ಆ ಯಾತ್ರಿಕನ ಕಥೆಯನ್ನು ಅಜ್ಜಿ ನಮಗೆ ಹೇಳುತ್ತಿದ್ದರು. ಅದನ್ನು ಬರೆದವನೇ ಈ ಭಯದಲ್ಲಿ ವರ್ಷಗಟ್ಟಲೆ ಬೆಂದವನು ಎಂದು ಅವರಿಗೆ ಗೊತ್ತಿರಲಿಲ್ಲ.

ಬನ್ಯನ್ 1666ರಲ್ಲಿ, ಇಂಗ್ಲೆಂಡಿನ ಬೆಡ್‌ಫರ್ಡ್ ಜೈಲಿನಲ್ಲಿದ್ದಾಗ ಪ್ರಕಟಿಸಿದ ಆತ್ಮಕಥೆ ಇವತ್ತಿನ ಮನೋವೈದ್ಯರಿಗೂ ಪಾಠದಂತಿದೆ. ಪವಿತ್ರಾತ್ಮ ದೂಷಣೆಯ ಮಾತು ಬಾಯಿಂದ ಹಾರಿಬಿಡುತ್ತದೇನೋ ಎಂದು, ಬಾಯಿ ತೆರೆಯದ ಹಾಗೆ ಗಲ್ಲದ ಕೆಳಗೆ ಕೈ ಒತ್ತಿ ಹಿಡಿಯಲು ಹೊರಡುತ್ತಿದ್ದನಂತೆ. ಚರ್ಚಿನ ಗಂಟೆ ಬಾರಿಸುವುದು ಅವನಿಗೆ ಖುಷಿ. ಅದು ಪಾಪವಿರಬಹುದು ಅನ್ನಿಸಿ ಬಾರಿಸುವುದನ್ನು ಬಿಟ್ಟ, ನೋಡಲು ಮಾತ್ರ ಹೋಗುತ್ತಿದ್ದ. ಗಂಟೆ ಕಳಚಿ ಮೇಲೆ ಬಿದ್ದರೆ ಎಂದು ತೊಲೆಯ ಕೆಳಗೆ ನಿಂತ. ಆಮೇಲೆ ಬಾಗಿಲಲ್ಲಿ ನಿಂತ. ಕೊನೆಗೆ ಗೋಪುರವೇ ಬಿದ್ದರೆ ಎಂದು ಅಲ್ಲಿಂದಲೂ ಓಡಿದ. ಭಯಕ್ಕೆ ಒಂದು ಹೆಜ್ಜೆ ಬಿಟ್ಟುಕೊಟ್ಟರೆ ಅದು ಇನ್ನೊಂದು ಕೇಳುತ್ತದೆ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ನನಗೆ ಕಂಡಿಲ್ಲ.

ಮುಂದೆ ಸುಮಾರು ಒಂದು ವರ್ಷ, ಕ್ರಿಸ್ತನನ್ನು ಮಾರು, ಮಾರು ಎಂಬ ಮಾತು ಅವನ ತಲೆಯಲ್ಲಿ ಕುಟ್ಟುತ್ತಿತ್ತು. ಮಾರುವುದಿಲ್ಲ, ಮಾರುವುದಿಲ್ಲ ಎಂದು ಇವನು ಅಷ್ಟೇ ವೇಗದಲ್ಲಿ ಉತ್ತರಿಸುತ್ತ, ಮೊಣಕೈಯಿಂದ ಗಾಳಿಯನ್ನು ದೂಡುತ್ತಿದ್ದ. ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಸೋತು, ಬೇಕಿದ್ದರೆ ಹೋಗಲಿ ಎಂಬ ಮಾತು ಒಳಗೆ ಹಾದುಹೋಯಿತು. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ತನಗೆ ಕ್ಷಮೆಯಿಲ್ಲ ಎಂದು ನಂಬಿ ನರಳಿದ. ಸತ್ತು ಮುನ್ನೂರು ವರ್ಷವಾದವನಿಗೆ ರೋಗದ ಚೀಟಿ ಅಂಟಿಸುವುದು ನನಗೆ ಅಷ್ಟು ಇಷ್ಟವಿಲ್ಲ. ಆದರೂ ಚಿಕ್ಕಮ್ಮ ಕುಂಬಳಕಾಯಿ ಹೆಚ್ಚುತ್ತಾ "ಇಲ್ಲ ಇಲ್ಲ ಕರ್ತನೇ" ಎಂದು ತುಟಿ ಅಲ್ಲಾಡಿಸುತ್ತಿದ್ದದ್ದು ನೆನಪಾಗದೆ ಇರದು.

ಇಂಗ್ಲೆಂಡಿನಲ್ಲೇ 1692ರಲ್ಲಿ ಬಿಷಪ್ ಜಾನ್ ಮೂರ್ ರಾಣಿಯ ಮುಂದೆ ಒಂದು ಪ್ರಸಂಗ ಮಾಡಿದ. ಆರಾಧನೆಯ ಹೊತ್ತಿಗೇ ಕೆಲವರಿಗೆ ದೇವದೂಷಣೆಯ ಯೋಚನೆ ಬರುತ್ತದೆ, ಇವರು ಬಹುಪಾಲು ಒಳ್ಳೆಯ ಜನ, ಅದರ ಜೊತೆ ಗುದ್ದಾಡಿದಷ್ಟೂ ಅದು ಬೆಳೆಯುತ್ತದೆ ಅಂದ. ಬಿಳಿ ಕರಡಿಗಿಂತ ಮುನ್ನೂರು ವರ್ಷ ಮೊದಲು!

ಕ್ಯಾಥೊಲಿಕರಲ್ಲಿ ಈ ಕಾಯಿಲೆಗೆ ಹಳೆಯ ಲ್ಯಾಟಿನ್ ಹೆಸರೇ ಇದೆ, ಸ್ಕ್ರುಪುಲಸ್ ಎಂದು. ಅದರ ಮೂಲ ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡ ಹರಳು ಅಂದುಕೊಳ್ಳಿ. ಹುಲ್ಲುಕಡ್ಡಿ ಎರಡು ಅಡ್ಡಡ್ಡ ಬಿದ್ದು ಶಿಲುಬೆಯಂತಾಗಿದ್ದಾಗ ಅದನ್ನು ತುಳಿದೆನಲ್ಲ, ಪಾಪವಾಯಿತೇ ಎಂದು ಕೊರಗುವವರ ಉದಾಹರಣೆಯನ್ನು 16ನೇ ಶತಮಾನದಲ್ಲಿ ಸಂತ ಇಗ್ನೇಷಿಯಸ್ ಲೊಯೊಲಾ ಕೊಡುತ್ತಾನೆ. ಅವನಿಗೂ ಈ ಕಾಟ ಇತ್ತು. ಕ್ರೈಸ್ತರಿಗೆ ಮಾತ್ರ ಎಂದೇನೂ ಅಲ್ಲ. ನಮಾಜಿಗೆ ಮುಂಚಿನ ವುಜು ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ಕೈಕಾಲು ತೊಳೆಯುವವರನ್ನು ಮುಸ್ಲಿಮರು ವಸ್ವಾಸ್ ಹಿಡಿದವರು ಎನ್ನುತ್ತಾರೆ. ಮಡಿ ಕೆಟ್ಟಿತೇ ಎಂದು ದಿನಕ್ಕೆ ಹತ್ತು ಸಲ ಮೀಯುವ ಅಜ್ಜಿಯರನ್ನು ನೀವೂ ಕಂಡಿರಬಹುದು. ಕಾಯಿಲೆ ಒಂದೇ. ಉಡುವ ಬಟ್ಟೆ ಆಯಾ ಮನೆಯದು.

ವೈದ್ಯರು ಇದನ್ನು ಗೀಳು ಕಾಯಿಲೆ, ಅಂದರೆ ಒಸಿಡಿಯ ಒಂದು ರೂಪ ಎನ್ನುತ್ತಾರೆ. ನೂರರಲ್ಲಿ ಒಬ್ಬಿಬ್ಬರಿಗೆ ಬದುಕಿನ ಯಾವುದಾದರೊಂದು ಕಾಲದಲ್ಲಿ ಒಸಿಡಿ ಬರುತ್ತದೆ. ಹಣೆಯ ಹಿಂದಿನ ಮಿದುಳಿನ ಭಾಗ, ಒಳಗಿನ ಕಾಡೇಟ್ ಎಂಬ ಗಂಟು, ಥಲಾಮಸ್ ಇವುಗಳ ನಡುವೆ ಸುತ್ತುವ ಒಂದು ಸರ್ಕ್ಯೂಟ್ ಇದೆ. ಏನೋ ತಪ್ಪಾಗಿದೆ ಎಂಬ ಎಚ್ಚರಿಕೆ ಅಲ್ಲಿ ಓಡಾಡುತ್ತದೆ. ಗೀಳಿನಲ್ಲಿ ಆ ಎಚ್ಚರಿಕೆ ಆರುವುದಿಲ್ಲ. ಒಮ್ಮೆ ಆನೆ ನುಗ್ಗಿದ ತೋಟದ ಕಾವಲುಗಾರ ಆಮೇಲೆ ಒಣಗಿದ ಎಲೆ ಸದ್ದಿಗೂ ಟಾರ್ಚು ಬಿಡುವ ಹಾಗೆ. ಅವನ ಲೆಕ್ಕದಲ್ಲಿ ನೂರು ಸಲ ಸುಮ್ನೆ ಎದ್ದರೂ ನಷ್ಟವಿಲ್ಲ, ಒಂದು ಸಲ ಏಳದಿದ್ದರೆ ಪ್ರಾಣ ಹೋಗುತ್ತದೆ. ನಿತ್ಯ ನರಕವೇ ಪಣಕ್ಕಿದ್ದರೆ ಟಾರ್ಚು ಆರಿಸುವುದು ಹೇಗೆ ಹೇಳಿ?

ಇಲ್ಲೇ ಅಯ್ಯನವರ ಸಮಾಧಾನ ಎಡವಿದ್ದು. ಪ್ರತಿ ಸಲ ಕೇಳಿ ಹಗುರಾದಾಗ ಮಿದುಳು ಎರಡು ಪಾಠ ಕಲಿಯುತ್ತದೆ: ಆ ಪ್ರಶ್ನೆ ನಿಜಕ್ಕೂ ಅಪಾಯದ್ದು, ಕೇಳಿದ್ದರಿಂದಲೇ ಬಚಾವಾದೆ. ಮುಂದಿನ ಸಲ ಇನ್ನೂ ಬೇಗ ಕೇಳಿಸುತ್ತದೆ. ಚಿಕ್ಕಮ್ಮ ಮೊದಲು ವಾರಕ್ಕೊಮ್ಮೆ ಕೇಳುತ್ತಿದ್ದರು, ನಾಲ್ಕು ವರ್ಷ ಕಳೆಯುವಾಗ ದಿನಕ್ಕೆ ಇಪ್ಪತ್ತು ಸಲ. ಅಯ್ಯನವರು, ಚಿಕ್ಕಪ್ಪ, ನಾನು, ಯಾರು ಸಿಕ್ಕರೂ ಸರಿ. ನಾವೆಲ್ಲ ಪ್ರೀತಿಯಿಂದಲೇ ಬೆಂಕಿಗೆ ಸೌದೆ ಒಟ್ಟುತ್ತಿದ್ದೆವು.

1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇದಕ್ಕೆ ಉಲ್ಟಾ ದಾರಿ ಹಿಡಿದ. ಭಯ ಹುಟ್ಟಿಸುವುದರ ಎದುರಿಗೇ ರೋಗಿಯನ್ನು ಕೂರಿಸಿ, ಸಮಾಧಾನಕ್ಕಾಗಿ ಮಾಡುವ ಕ್ರಿಯೆಗಳನ್ನು ತಡೆದ. ಅವನು ವರದಿ ಮಾಡಿದ ಮೊದಲ ಇಬ್ಬರಲ್ಲಿ ಒಬ್ಬರಿಗೆ ಕೊಳೆಯ ಭಯ, ಇನ್ನೊಬ್ಬರಿಗೆ ದೇವದೂಷಣೆಯ ಯೋಚನೆಗಳು. ಇವತ್ತು ಗೀಳಿಗೆ ಇದೇ ಮುಖ್ಯ ಮಾತಿನ ಚಿಕಿತ್ಸೆ. ಫ್ಲುಯೊಕ್ಸೆಟಿನ್‌ನಂಥ ಮಾತ್ರೆಗಳೂ ಕೆಲಸ ಮಾಡುತ್ತವೆ. 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಿದುಳಿನ ಚಿತ್ರ ತೆಗೆದು ನೋಡಿದಾಗ, ಮಾತ್ರೆಯಿಂದ ಗುಣವಾದವರಲ್ಲೂ ಈ ಅಭ್ಯಾಸದಿಂದ ಗುಣವಾದವರಲ್ಲೂ ಅದೇ ಕಾಡೇಟ್‌ನ ಅತಿಯಾದ ದುಡಿತ ಇಳಿದಿತ್ತು.

ಬೆಂಗಳೂರಿನಲ್ಲಿ ಚಿಕ್ಕಮ್ಮನನ್ನು ನೋಡಿದ ಡಾಕ್ಟರು ನಂಬಿಕೆ ಬಿಡಿ ಅನ್ನಲಿಲ್ಲ, ಬೈಗುಳ ಹೇಳಿ ಎಂದೂ ಅನ್ನಲಿಲ್ಲ. ಒಂದು ಮಾತ್ರೆ ಬರೆದರು. ಒಂದು ಹಾಳೆಯಲ್ಲಿ ಎರಡು ಸಾಲು ಬರೆಸಿದರು: "ನಾನು ಆ ಪಾಪ ಮಾಡಿರಬಹುದು, ಮಾಡಿಲ್ಲದೆಯೂ ಇರಬಹುದು. ನೂರಕ್ಕೆ ನೂರು ಗೊತ್ತಾಗುವುದಿಲ್ಲ." ಇದನ್ನು ದಿನಾ ಅರ್ಧ ಗಂಟೆ ಓದಬೇಕು. ಓದಿದ ಮೇಲೆ ಕ್ಷಮೆ ಕೇಳುವ ಪ್ರಾರ್ಥನೆ ಮಾಡಬಾರದು. ಮನೆಯಲ್ಲಿ ಯಾರೂ ಉತ್ತರ ಕೊಡಬಾರದು. ಮೊದಲ ಎರಡು ವಾರ ನರಕ. ಚಿಕ್ಕಮ್ಮ ಅತ್ತರೆ ಚಿಕ್ಕಪ್ಪ ಎದ್ದು ಕಾಪಿ ಕಣಕ್ಕೆ ಹೋಗಿ ನಿಲ್ಲುತ್ತಿದ್ದರು. ಅಯ್ಯನವರಿಗೂ ಕಷ್ಟವಾಯಿತು. "ಕುರುಬ ಕುರಿಗೆ ಉತ್ತರ ಕೊಡಬಾರದಾ?" ಎಂದರು. ಆದರೂ ಬಾಯಿ ಕಟ್ಟಿಕೊಂಡರು. ಆರು ತಿಂಗಳು ಹಿಡಿಯಿತು. ಯೋಚನೆ ಈಗಲೂ ಬರುತ್ತದಂತೆ, ಅದರಲ್ಲೂ ರೊಟ್ಟಿ ಎತ್ತುವ ಹೊತ್ತಿಗೆ. ಬಂದರೆ ಬಂತು, ಕೀರ್ತನೆ ಮುಂದುವರಿಯುತ್ತದೆ ಎನ್ನುತ್ತಾರೆ.

ಅವರಿಗೆ ಆಗ ಬೆಂಗಳೂರಿಗೆ ಹೋಗಬೇಕಾಯಿತು. ಈಗ ಮಡಿಕೇರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕಳೆದ ಜುಲೈಯಲ್ಲಿ ಅಲ್ಲಿಗೆ ಹೋಗಿದ್ದೆ. ತೋಟ ಸುತ್ತಿ ಬಂದು ಮೆಟ್ಟಿಲ ಮೇಲೆ ಕೂತೆವು. ಚಿಕ್ಕಮ್ಮ ಮೀನಖಂಡ ಒಮ್ಮೆ ಉಜ್ಜಿಕೊಂಡರು.

"ಏನೋ ಹರಿದ ಹಾಗಾಯ್ತು ಕಣೋ."

"ನೋಡಲಾ?"

"ಬೇಡ ಬಿಡು. ಅನ್ನ ಆರಿಹೋಗ್ತದೆ, ಬಾ."

ಊಟ ಮುಗಿಸಿ ಏಳುವಾಗ ನೋಡಿದರೆ ನಿಜವಾಗಿಯೂ ಒಂದಿತ್ತು, ರಕ್ತ ಕುಡಿದು ದ್ರಾಕ್ಷಿಯಷ್ಟು ದಪ್ಪವಾಗಿತ್ತು. ಚಿಕ್ಕಮ್ಮ ನಕ್ಕು ಉಪ್ಪಿನ ಡಬ್ಬಿ ತರಲು ಹೇಳಿದರು.