ಹಾಗಲಕಾಯಿಯ ನೊಣವನ್ನು ಓಕಿನಾವಾ ಹೇಗೆ ಹೊರಗಟ್ಟಿತು

ಗಂಗಾವತಿ, ಸಿಂಧನೂರು, ಮಾನ್ವಿ ಭಾಗದಲ್ಲಿ ಹಾಗಲ, ಹೀರೆ, ಸವತೆ ಬೆಳೆಯುವ ರೈತರಿಗೆ ಹಣ್ಣುನೊಣದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅವರಲ್ಲಿ ಹಲವರು ಅದನ್ನು ಬಳ್ಳಿಯ ಜೊತೆಗೇ ಹುಟ್ಟಿ ಬರುವ ಪೀಡೆ ಎಂದು ಒಪ್ಪಿಕೊಂಡು, ವಾರಕ್ಕೊಮ್ಮೆ ಎಣ್ಣೆ (ಕೀಟನಾಶಕ) ಹೊಡೆದು, ಉಳಿದಷ್ಟು ಕಾಯಿಯನ್ನು ಮಾರುಕಟ್ಟೆಗೆ ಸಾಗಿಸುತ್ತಾರೆ. ಇದೇ ನೊಣವನ್ನು ಜಪಾನಿನ ದಕ್ಷಿಣ ತುದಿಯ ಓಕಿನಾವಾ ದ್ವೀಪಗಳಲ್ಲಿ ಸರ್ಕಾರವೇ ಮುಂದೆ ನಿಂತು, ಎರಡು ದಶಕಗಳ ಕಾಲ ಹಟ ಬಿಡದೆ ಕೆಲಸ ಮಾಡಿ, ಒಂದೂ ಉಳಿಯದಂತೆ ನಿರ್ಮೂಲ ಮಾಡಿತು. ಸಸ್ಯ ಸಂರಕ್ಷಣೆಯ ಕೆಲಸದಲ್ಲಿರುವ ನಾನು ರೈತರ ಸಭೆಗಳಲ್ಲಿ ಈ ವಿಷಯವನ್ನು ಆಗಾಗ ಹೇಳುತ್ತೇನೆ. ಸುತ್ತ ಸಮುದ್ರವಿಲ್ಲದ ನಮ್ಮ ಬಯಲುಸೀಮೆಗೆ ಅದರಲ್ಲಿ ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ನೊಣದ ಬದುಕನ್ನು ಅರಿಯಬೇಕು. ಎಳೆಯ ಹಾಗಲಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಗುರುತು, ಅದರ ಬಾಯಲ್ಲಿ ಒಣಗಿ ಅಂಟಿದ ಹನಿ ಕಂಡರೆ ಹೆಣ್ಣು ನೊಣ ಸಿಪ್ಪೆಯ ಕೆಳಗೆ ಮೊಟ್ಟೆಯಿಟ್ಟಿದೆ ಎಂದೇ ತಿಳಿಯಬೇಕು. ಕೆಲವು ದಿನ ಬಿಟ್ಟು ಅಂಥ ಕಾಯಿಯನ್ನು ಸೀಳಿದರೆ ಒಳಗೆ ಕೊಳೆತ ತಿರುಳು, ಅದರ ನಡುವೆ ಕಾಲಿಲ್ಲದ ಬಿಳಿ ಹುಳುಗಳು ಕಾಣುತ್ತವೆ. ಪೂರ್ತಿ ಬೆಳೆದ ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡರೆ ಅದು ಮೈ ಬಾಗಿಸಿ ಚಂಗನೆ ಜಿಗಿಯುತ್ತದೆ. ಹೀಗೆ ಕಾಯಿಯಿಂದ ಹೊರಬಿದ್ದ ಹುಳು ಮಣ್ಣಿನ ಮೇಲ್ಪದರದೊಳಗೆ ಇಳಿದು ಕೋಶವಾಗಿ, ಅಲ್ಲಿಂದ ಮುಂದಿನ ಪೀಳಿಗೆಯ ನೊಣವಾಗಿ ಏಳುತ್ತದೆ. ಎಂದರೆ ಮೊಟ್ಟೆ ಮತ್ತು ಹುಳು ಕಾಯಿಯೊಳಗೆ, ಕೋಶ ಮಣ್ಣೊಳಗೆ. ಎಲೆಯ ಮೇಲೆ ಹೊಡೆದ ಎಣ್ಣೆ ಈ ಮೂರನ್ನೂ ಮುಟ್ಟುವುದಿಲ್ಲ.

ಭಾರತವನ್ನೊಳಗೊಂಡ ಏಷ್ಯಾದ ಭಾಗವೇ ಈ ನೊಣದ ಮೂಲ ನೆಲೆ ಎಂಬುದು ಕೀಟಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಓಕಿನಾವಾಕ್ಕೆ ಅದು ಹೊರಗಿನದು. 1919ರಲ್ಲಿ ತೈವಾನ್‌ಗೆ ಹತ್ತಿರವಿರುವ ಯಾಯೆಯಾಮ ದ್ವೀಪಗಳಲ್ಲಿ, 1929ರಲ್ಲಿ ಮಿಯಾಕೊದಲ್ಲಿ, 1970ರಲ್ಲಿ ಕುಮೆ ದ್ವೀಪದಲ್ಲಿ, 1972ರಲ್ಲಿ ಓಕಿನಾವಾದ ಮುಖ್ಯ ದ್ವೀಪದಲ್ಲಿ, 1974ರಲ್ಲಿ ಇನ್ನೂ ಉತ್ತರದ ಅಮಾಮಿಯಲ್ಲಿ ಅದು ಕಾಣಿಸಿಕೊಂಡಿತು. ಮುಂದಿನ ಗುರಿ ಜಪಾನಿನ ಮುಖ್ಯ ಭೂಭಾಗವೇ ಎಂಬುದು ಸ್ಪಷ್ಟವಾಗಿತ್ತು. ಅಮೆರಿಕದ ಆಡಳಿತದಲ್ಲಿದ್ದ ಓಕಿನಾವಾ ಜಪಾನಿಗೆ ಮರಳಿದ್ದು 1972ರ ಮೇ ತಿಂಗಳಲ್ಲಿ. ಅಲ್ಲಿನ ರೈತರು ದೊಡ್ಡ ಮಾರುಕಟ್ಟೆ ಸಿಕ್ಕೀತೆಂದು ಕಾದಿದ್ದ ಹೊತ್ತಿನಲ್ಲೇ, ನೊಣ ಮೊಟ್ಟೆಯಿಡುವ ಕಾಯಿ ಹಣ್ಣುಗಳನ್ನು ಮುಖ್ಯ ಭೂಭಾಗಕ್ಕೆ ಒಯ್ಯುವಂತಿಲ್ಲ ಎಂಬ ನಿಷೇಧ ಅವರಿಗೆ ಎದುರಾಯಿತು.

ಸರ್ಕಾರ ಆರಿಸಿಕೊಂಡದ್ದು ಬಂಜೆ ಮಾಡಿದ ನೊಣಗಳನ್ನು ಬಿಡುವ ವಿಧಾನ. ದನಕುರಿಗಳ ಗಾಯದಲ್ಲಿ ಮೊಟ್ಟೆಯಿಟ್ಟು ಹುಳ ಬೀಳಿಸುವ ಒಂದು ಜಾತಿಯ ನೊಣವನ್ನು 1954ರಲ್ಲಿ ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದಲ್ಲಿ ಇದೇ ವಿಧಾನದಿಂದ ಇಲ್ಲವಾಗಿಸಲಾಗಿತ್ತು. ಅದರ ಹಿಂದಿನ ಚಿಂತನೆ ಅಮೆರಿಕದ ಕೀಟವಿಜ್ಞಾನಿ ಎಡ್ವರ್ಡ್ ನಿಪ್ಲಿಂಗ್ ಅವರದು. ಕಾರ್ಖಾನೆಯಂಥ ಕಟ್ಟಡದಲ್ಲಿ ನೊಣಗಳನ್ನು ಅಪಾರ ಸಂಖ್ಯೆಯಲ್ಲಿ ಸಾಕಿ, ಕೋಶದ ಹಂತದಲ್ಲಿ ವಿಕಿರಣ ಸೂಸುವ ಕೋಬಾಲ್ಟ್‌-60ರ ಗಾಮಾ ಕಿರಣಗಳಿಗೆ ಒಡ್ಡಿ, ಸಂತಾನಶಕ್ತಿ ಕಳೆದುಕೊಂಡ ನೊಣಗಳನ್ನು ಊರೂರಿಗೂ ಬಿಡುತ್ತಾರೆ. ಅಂಥ ಗಂಡಿನೊಡನೆ ಕೂಡಿದ ಕಾಡು ಹೆಣ್ಣು ಇಡುವ ಮೊಟ್ಟೆ ಒಡೆಯುವುದಿಲ್ಲ. ಬಿಟ್ಟ ನೊಣಗಳ ಸಂಖ್ಯೆ ಕಾಡು ನೊಣಗಳಿಗಿಂತ ಹಲವು ಪಟ್ಟು ಹೆಚ್ಚಿದ್ದರೆ ಪೀಳಿಗೆಯಿಂದ ಪೀಳಿಗೆಗೆ ಕಾಡು ನೊಣ ಕರಗುತ್ತದೆ.

ಇಲ್ಲಿ ಕ್ರಮವೇ ಮುಖ್ಯ. ಕಾಡು ನೊಣ ತುಂಬಿರುವಾಗ ಬಂಜೆ ನೊಣ ಬಿಟ್ಟರೆ ಅದು ವ್ಯರ್ಥ. ಆದ್ದರಿಂದ ಮೊದಲು ಕ್ಯೂಲ್ಯೂರ್ ಎಂಬ ಮೋಹಕ ವಸ್ತು ಮತ್ತು ಕೀಟನಾಶಕದಿಂದ ಗಂಡು ನೊಣಗಳನ್ನು ಸೆಳೆದು ಕೊಂದು ಸಂಖ್ಯೆಯನ್ನು ಇಳಿಸಿ, ಆಮೇಲೆ ವಾರವಾರವೂ ತಪ್ಪದೆ ಬಂಜೆ ನೊಣಗಳನ್ನು ಬಿಟ್ಟರು. ಚಿಕ್ಕದಾದ ಕುಮೆ ದ್ವೀಪದಲ್ಲಿ ಇದನ್ನು ಮೊದಲು ಪರೀಕ್ಷಿಸಿ, 1978ರಲ್ಲಿ ಅಲ್ಲಿ ನೊಣ ಇಲ್ಲವಾಯಿತೆಂದು ಘೋಷಿಸಿದ ನಂತರವೇ ದೊಡ್ಡ ದ್ವೀಪಗಳಿಗೆ ಕೈಹಾಕಿದರು. 1987ರಲ್ಲಿ ಮಿಯಾಕೊ, 1990ರಲ್ಲಿ ಓಕಿನಾವಾದ ಮುಖ್ಯ ದ್ವೀಪ, 1993ರಲ್ಲಿ ಯಾಯೆಯಾಮ ನೊಣಮುಕ್ತವಾದವು. ಬಿಟ್ಟ ನೊಣಗಳ ಒಟ್ಟು ಲೆಕ್ಕ ಸಾವಿರಾರು ಕೋಟಿ. ಇಂದು ಓಕಿನಾವಾದ ಹಾಗಲಕಾಯಿ ಜಪಾನಿನ ಮುಖ್ಯ ಭೂಭಾಗದಲ್ಲೂ ಮಾರಾಟವಾಗುತ್ತದೆ.

ವಿಕಿರಣದ ಈ ಭಾಗ ಕೇಳಲು ರೋಮಾಂಚಕವಾಗಿದೆ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕೆಲಸ ಸಾಗಾಟದ ಮೇಲಿನ ನಿರ್ಬಂಧ ಮತ್ತು ಗೆದ್ದ ಮೇಲೂ ಬಿಡದ ಕಾವಲು. ನೊಣ ಹತ್ತಿದ ಒಂದು ಚೀಲ ಕಾಯಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋದರೆ ವರ್ಷಗಳ ಶ್ರಮ ಮಣ್ಣುಪಾಲಾಗುತ್ತಿತ್ತು. ಬೇರೆ ಕೀಟಗಳಿಗೂ ಇಂಥ ನಿರ್ಬಂಧವಿದೆ: ಗೆಣಸಿನ ಮೂತಿಹುಳು ಅಲ್ಲಿನ ಹಲವು ದ್ವೀಪಗಳಲ್ಲಿ ಇನ್ನೂ ಇರುವುದರಿಂದ, ಓಕಿನಾವಾಕ್ಕೆ ಹೋದ ಪ್ರವಾಸಿ ಹಸಿ ಗೆಣಸನ್ನು ಮುಖ್ಯ ಭೂಭಾಗಕ್ಕೆ ಒಯ್ಯುವಂತಿಲ್ಲ, ಬೇಯಿಸಿದ್ದಾದರೆ ಅಡ್ಡಿಯಿಲ್ಲ. ಹಾಗಲಕಾಯಿಯ ನೊಣ ಹೋದ ಮೇಲೂ ದಕ್ಷಿಣದ ದೇಶಗಳಿಂದ ಅದು ಮತ್ತೆ ಬಂದೀತೆಂಬ ಎಚ್ಚರದಿಂದ ಬಲೆಗಳನ್ನು ಇಟ್ಟು ನೋಡುವುದನ್ನೂ ಬಂಜೆ ನೊಣಗಳನ್ನು ಬಿಡುವುದನ್ನೂ ಮುಂದುವರಿಸಿದ್ದಾರೆ. ಆ ಎಚ್ಚರ ಅತಿಯಲ್ಲ. 2024ರಲ್ಲಿ ಇದರ ಹತ್ತಿರದ ಸಂಬಂಧಿಯಾದ, ಬಳ್ಳಿ ತರಕಾರಿಗಳಿಗೇ ಬೀಳುವ ಮತ್ತೊಂದು ಜಾತಿಯ ನೊಣ ಮುಖ್ಯ ದ್ವೀಪದ ಉತ್ತರ ಭಾಗದಲ್ಲಿ ಕಾಣಿಸಿತು. 2025ರ ಏಪ್ರಿಲ್‌ನಿಂದ ಅಲ್ಲಿ ತುರ್ತು ನಿಯಂತ್ರಣ ಜಾರಿಯಾಗಿ, ಆ ಪ್ರದೇಶದ ತರಕಾರಿ ತಪಾಸಣೆಯಿಲ್ಲದೆ ಹೊರಗೆ ಹೋಗದಂತಾಯಿತು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1914ರ ಕೀಟಪೀಡೆ ಕಾಯ್ದೆ ಇದೆ, ಆಮದಾಗುವ ಸಸ್ಯಗಳ ತಪಾಸಣೆಗೆ 2003ರ ಆದೇಶವಿದೆ, ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ ಸಸ್ಯ ಕ್ವಾರಂಟೈನ್ ಕೇಂದ್ರಗಳಿವೆ. ಆ ಬಾಗಿಲು ದಾಟಿ ಒಳಗೆ ಬಂದ ಕೀಟಕ್ಕೆ ಮಾತ್ರ ದೇಶದೊಳಗೆ ತಡೆ ಬಹಳ ಕಡಿಮೆ. ಮೆಣಸಿನಕಾಯಿಯ ಕಪ್ಪು ಥ್ರಿಪ್ಸ್ ಇದಕ್ಕೆ ತಕ್ಕ ಉದಾಹರಣೆ. ಆಗ್ನೇಯ ಏಷ್ಯಾ ಮೂಲದ ಈ ನುಸಿ ಭಾರತದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ. 2021ರ ಹಂಗಾಮಿನಲ್ಲಿ ಅದು ಆಂಧ್ರ, ತೆಲಂಗಾಣ ಮತ್ತು ನಮ್ಮ ಬಳ್ಳಾರಿ, ರಾಯಚೂರು ಜಿಲ್ಲೆಗಳ ಮೆಣಸಿನಕಾಯಿ ಹೊಲಗಳಿಗೆ ನುಗ್ಗಿತು. ಹೂವನ್ನು ಅಂಗೈ ಮೇಲೆ ಕೊಡವಿದರೆ ಕಪ್ಪು ಚುಕ್ಕೆಗಳಂತೆ ನುಸಿ ಉದುರುತ್ತಿತ್ತು, ಹೂವು ಕಾಯಿ ಕಟ್ಟದೆ ಒಣಗುತ್ತಿತ್ತು. ಸಾಲ ಮಾಡಿ ಎಣ್ಣೆಯ ಮೇಲೆ ಎಣ್ಣೆ ಹೊಡೆದು, ಕೊನೆಗೆ ಗಿಡ ಕಿತ್ತು ಹೊಲ ಹಸನು ಮಾಡಿದ ರೈತರ ನೋವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲ ವರದಿಗೂ ಆ ಹಾನಿಗೂ ನಡುವೆ ಆರು ವರ್ಷಗಳಿದ್ದವು. ಆ ಅವಧಿಯಲ್ಲಿ ನರ್ಸರಿ ಸಸಿಗಳ ಮೇಲೆ ಕಣ್ಣಿಡುವ, ಹೊಸ ಕೀಟದ ಗುರುತನ್ನು ಹಳ್ಳಿಹಳ್ಳಿಗೆ ತಿಳಿಸುವ ಕೆಲಸ ಇನ್ನೂ ಹೆಚ್ಚು ಆಗಬೇಕಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಲಕಾಯಿಯ ನೊಣದ ಮಟ್ಟಿಗೆ ನಿರ್ಮೂಲನೆಯ ಮಾತು ನಮಗೆ ಹೊಂದುವುದಿಲ್ಲ. ಅದು ಇಲ್ಲಿಯದೇ ಕೀಟ. ಬೇಲಿಯ ಮೇಲಿನ ಕಾಡು ಬಳ್ಳಿಯಲ್ಲೂ ಬದುಕುತ್ತದೆ, ಪಕ್ಕದ ತಾಲ್ಲೂಕಿನಿಂದ ಹಾರಿ ಬರುತ್ತದೆ. ಸಂಖ್ಯೆಯನ್ನು ಇಳಿಸುವ ಮೊದಲ ಹಂತವನ್ನು ಮಾತ್ರ ನಾವು ಹಾಗೆಯೇ ತೆಗೆದುಕೊಳ್ಳಬಹುದು. ಅದಕ್ಕೂ ಒಬ್ಬ ರೈತನ ಹೊಲ ಸಾಲದು. ಒಬ್ಬರು ಮೋಹಕ ವಸ್ತುವಿನ ಬಲೆ ಕಟ್ಟಿ ಸುತ್ತಲಿನವರು ಕಟ್ಟದಿದ್ದರೆ, ನೆರೆಹೊಲದಲ್ಲಿ ಆಗಲೇ ಗಂಡಿನೊಡನೆ ಕೂಡಿದ ಹೆಣ್ಣು ಬಂದು ಇಲ್ಲಿ ಮೊಟ್ಟೆಯಿಡುತ್ತದೆ; ಬಲೆಗೆ ಬೀಳುವುದು ಗಂಡು ಮಾತ್ರ. ಒಂದು ಕಾಲುವೆಯ ಕೆಳಗಿನ ಬಳ್ಳಿ ತರಕಾರಿಯವರೆಲ್ಲರೂ ಹೂ ಬಿಡುವ ಮೊದಲೇ ಒಟ್ಟಾಗಿ ಕಟ್ಟಬೇಕು. ಬಲೆ ಕೊಳ್ಳುವಾಗ ಕ್ಯೂಲ್ಯೂರ್ ಎಂದು ಹೆಸರು ಹೇಳಿಯೇ ಕೊಳ್ಳಬೇಕು, ಏಕೆಂದರೆ ಮಾವು, ಪೇರಲದ ನೊಣಕ್ಕೆಂದು ಮಾರುವ ಮಿಥೈಲ್ ಯೂಜಿನಾಲ್ ಈ ನೊಣವನ್ನು ಸೆಳೆಯುವುದಿಲ್ಲ. ಹುಳ ಹತ್ತಿದ ಕಾಯಿಯನ್ನು ಬದುವಿನ ಮೇಲೆ ಎಸೆಯುವ ರೂಢಿಯನ್ನು ಮೊದಲು ಬಿಡಬೇಕು; ಹಾಗೆ ಎಸೆದ ಒಂದೊಂದು ಕಾಯಿಯಿಂದ ಹತ್ತಾರು ನೊಣ ಏಳುತ್ತವೆ. ಅಂಥ ಕಾಯಿಗಳನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಕೆಲವು ದಿನ ಬಿಸಿಲಿಗೆ ಬಿಟ್ಟರೆ ರಾಯಚೂರಿನ ಬಿಸಿಲೇ ಒಳಗಿನ ಹುಳುಗಳನ್ನು ಕೊಲ್ಲುತ್ತದೆ.